ನಾಲ್ಕು ಮನೆಗೆ ಪಾಲಾದ ಟೀಕೆ

ಗರಿಯ ಕೊನೆಯ ಸಾಲು ‘ನಾನಾದರೋ’ ಎಂಬಲ್ಲಿ ನಿಂತಿತ್ತು. ಅದರಾಚೆ ತಾಳೆಗರಿಯ ಅಂಚು, ಅಂಚಿನಾಚೆ ನನ್ನ ಮೇಜು. ಬರೆದವನು ಮುಂದೆ ಏನನ್ನೋ ಹೇಳಿಯೇ ಇದ್ದ, ಆದರೆ ಆ ಮಾತು ಮುಂದಿನ ಗರಿಗೆ ಹೋಗಿತ್ತು. ಮುಂದಿನ ಗರಿ ನನ್ನಲ್ಲಿರಲಿಲ್ಲ. ಹಳೆಯ ಹಸ್ತಪ್ರತಿಗಳನ್ನು ಶುಚಿಮಾಡಿ, ಓದಿ, ಅಚ್ಚಿಗೆ ಸಿದ್ಧಪಡಿಸುವುದು ನನ್ನ ಕೆಲಸವಾದ್ದರಿಂದ ಹೀಗೆ ನಡುದಾರಿಯಲ್ಲಿ ಕೈಬಿಡುವ ಗರಿಗಳು ನನಗೆ ಹೊಸವಲ್ಲ. ಆದರೂ ಅವತ್ತು ನನಗೆ ಬಂದದ್ದು ಬೇಸರವಲ್ಲ, ಸಿಟ್ಟು. ಮಾತಾಡಲು ಬಾಯಿ ತೆರೆದ ಮನುಷ್ಯನ ಬಾಯಿಗೆ ಯಾರೋ ಕೈ ಅಡ್ಡ ಹಿಡಿದ ಹಾಗಿತ್ತು.

ಆ ಕಟ್ಟು ಚಿತ್ರದುರ್ಗದ ನಮ್ಮ ಕಚೇರಿಗೆ ಬಂದದ್ದು ಹಿರಿಯೂರಿನಿಂದ. ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಅದನ್ನು ಹಳೇ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಒಂದು ಮರದ ಹಲಗೆ, ಅದಕ್ಕೆ ಸೇರಿಸಿ ಕಟ್ಟಿದ ಗರಿಗಳು. ಅವರ ಮನೆಯ ಹಿಂದಿನವರು ಯಾರೋ ಟ್ರಂಕಿಗೆ ಹಿಡಿಸಲೆಂದು ಗರಿಗಳ ಎಡತುದಿಯನ್ನೇ ಕತ್ತರಿಸಿಬಿಟ್ಟಿದ್ದರು. ಗರಿಯ ಸಂಖ್ಯೆ ಇರುವುದು ಎಡತುದಿಯಲ್ಲಿಯೇ. ನಾನು ತಲೆ ಚಚ್ಚಿಕೊಂಡಾಗ ಮೇಷ್ಟ್ರು, “ಟ್ರಂಕು ದೊಡ್ಡದು ತಗಾಬೋದಿತ್ತು. ಏನ್ ಮಾಡಾಕಾಗುತ್ತೆ, ಆಗೋಗೈತೆ,” ಎಂದು ನನ್ನನ್ನೇ ಸಮಾಧಾನ ಮಾಡಿದರು.

ತಾಳೆಗರಿಯ ಮೇಲೆ ಅಕ್ಷರವನ್ನು ಬರೆಯುವುದಿಲ್ಲ, ಕಂಟ ಎಂಬ ಚೂಪು ಮೊನೆಯ ಕಬ್ಬಿಣದ ಕಡ್ಡಿಯಿಂದ ಕೊರೆಯುತ್ತಾರೆ. ಆ ಗೀರುಗಳಿಗೆ ಕಾಡಿಗೆ ತುಂಬಿ ಒರೆಸಿದರೆ ಮಾತ್ರ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಒಣ ಕುಂಚದಿಂದ ಧೂಳು ತೆಗೆದೆ, ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದೆ, ಗರಿ ಮುರಿಯದೆ ಬಾಗಲೆಂದು ಮಜ್ಜಿಗೆಹುಲ್ಲಿನ ಎಣ್ಣೆ ಸವರಿದೆ, ಕಾಡಿಗೆ ತುಂಬಿದೆ. ಆಮೇಲೆ ಓದತೊಡಗಿದಾಗ ಅದು ಆಯುರ್ವೇದದ ಒಂದು ಸಂಸ್ಕೃತ ಮೂಲ ಗ್ರಂಥಕ್ಕೆ ಬರೆದ ಹಳೆಯ ಕನ್ನಡ ಟೀಕೆ ಎಂದು ಗೊತ್ತಾಯಿತು.

ಈ ಮೂಲ ಗ್ರಂಥಗಳಿಗೆ ಒಬ್ಬನೇ ಕರ್ತೃ ಎಂಬುದು ಹೆಸರಿಗೆ ಮಾತ್ರ. ಗುರುವಿನ ಬಾಯಿಂದ ಕೇಳಿ ಒಬ್ಬ ಬರೆದಿರುತ್ತಾನೆ, ಇನ್ನೊಬ್ಬ ತಿದ್ದಿರುತ್ತಾನೆ, ಕಾಲ ಕಳೆದ ಮೇಲೆ ಮತ್ತೊಬ್ಬ ಬಂದು ಕಳೆದುಹೋದ ಅಧ್ಯಾಯಗಳನ್ನು ತುಂಬಿರುತ್ತಾನೆ. ಅವರೆಲ್ಲ ಸೂತ್ರದ ಹಾಗೆ ಚುಟುಕಾಗಿ ಬರೆದರು. ಅದನ್ನು ಬಿಡಿಸಿ ಹೇಳಲು ಟೀಕಾಕಾರರು ಬಂದರು. ಮೊದಲ ಟೀಕಾಕಾರನನ್ನು ಬಿಡಿಸಿ ಹೇಳಲು ಇನ್ನೊಬ್ಬ ಟೀಕಾಕಾರ ಬಂದ. ಹೀಗೆ ಬೆಳೆದ ಸಾಲಿನಲ್ಲಿ ಹೊಸ ಮಾತು ಹೇಳಿದವರು ಕೆಲವರು, ಹಿಂದಿನವರ ಮಾತನ್ನೇ ತಮ್ಮ ಭಾಷೆಗೆ ಇಳಿಸಿದವರು ಬಹಳ. ನನ್ನ ಮೇಜಿನ ಮೇಲಿದ್ದವನು ಯಾವ ಗುಂಪಿನವನು? ಅದೇ ಪ್ರಶ್ನೆ.

ಉತ್ತರ ಆ ಒಂದು ಗರಿಯಲ್ಲಿತ್ತು. ಅಲ್ಲಿ ಬೇರೆ ಬೇರೆ ಪ್ರಾಣಿಗಳ ಹಾಲಿನ ಗುಣ ಹೇಳುವ ಭಾಗ. ಹಾಲುಗಳಲ್ಲಿ ಕುರಿಯ ಹಾಲೇ ಕೀಳು, ಅದು ಬಿಕ್ಕಳಿಕೆ ತರುತ್ತದೆ, ಉಬ್ಬಸ ತರುತ್ತದೆ ಎಂದು ಮೂಲದವರು ಹೇಳಿದರು, ಟೀಕಾಕಾರರೂ ಒಪ್ಪಿದರು ಎಂದು ಬರೆದು, ನಮ್ಮವನು ‘ನಾನಾದರೋ’ ಎಂದಿದ್ದ. ಚಿತ್ರದುರ್ಗದ ಸೀಮೆಯಲ್ಲಿ, ಕುರಿಹಿಂಡುಗಳ ನಡುವೆ ಸಿಕ್ಕಿದ ಕಟ್ಟು. ಅದರಲ್ಲಿ ಕುರಿಯ ಹಾಲಿನ ಬಗ್ಗೆ ‘ನಾನಾದರೋ’ ಎಂದು ಒಬ್ಬ ತಲೆಯೆತ್ತಿದ್ದಾನೆ ಎಂದರೆ ನಾನು ಸುಮ್ಮನೆ ಕುಳಿತಿರಲು ಆಗುತ್ತದೆಯೇ?

ನಮ್ಮ ಯೋಜನೆಯ ಸಮಿತಿಗೆ ಹಿರಿಯ ಸಂಸ್ಕೃತ ವಿದ್ವಾಂಸರೊಬ್ಬರು ಅಧ್ಯಕ್ಷರು. ಅವರು ‘ಸ್ವತಂತ್ರ ಟೀಕೆ’ ಎಂದರೆ ಪುಸ್ತಕ ಅಚ್ಚಾಗುತ್ತದೆ, ಬರೆದವನು ಟೀಕಾಕಾರರ ಸಾಲಿಗೆ ಸೇರುತ್ತಾನೆ. ‘ನಕಲು’ ಎಂದರೆ ಸೂಚಿಯಲ್ಲಿ ಒಂದು ಸಾಲು ಬರೆದು ಕಟ್ಟನ್ನು ವಾಪಸು ಸುತ್ತಿಡಬೇಕು. ಅವರಿಗೆ ಗರಿ ತೋರಿಸಿದೆ. ಭೂತಗನ್ನಡಿ ಹಿಡಿದು ನೋಡಿ ನಕ್ಕರು.

“ನಾನಾದರೋ ಮಂದಮತಿ, ಹಿರಿಯರ ದಾರಿಯಲ್ಲೇ ನಡೆಯುತ್ತೇನೆ ಅಂತ ಇರುತ್ತಮ್ಮ. ಟೀಕಾಕಾರರೆಲ್ಲ ಹಾಗೇ ಬರೆಯೋದು. ವಿನಯದ ಪದ್ಧತಿ ಅದು. ನಿಮಗೆ ಗೊತ್ತಿಲ್ಲದ್ದಾ?”

ಗೊತ್ತಿತ್ತು. ನೂರು ಕಡೆ ಓದಿದ್ದೆ. ಗೊತ್ತಿದ್ದದ್ದರಿಂದಲೇ ಮೈಯೆಲ್ಲ ಉರಿಯಿತು.

ಮೇಷ್ಟ್ರಿಗೆ ಫೋನು ಮಾಡಿ, ಉಳಿದ ಗರಿಗಳು ಎಲ್ಲಿ ಎಂದು ಕೇಳಿದೆ. ಆಗ ಬಂತು ನೋಡಿ ಉತ್ತರ. ಅವರ ಮುತ್ತಜ್ಜನ ಕಾಲಕ್ಕೂ ಹಿಂದೆ ನಾಲ್ವರು ಅಣ್ಣತಮ್ಮಂದಿರು ಪಾಲಾದರು. ಕುರಿ, ಹೊಲ, ಬೀಸೋಕಲ್ಲು ಎಲ್ಲ ಹಂಚಿಕೊಂಡರು. ಮನೆಯಲ್ಲಿ ವೈದ್ಯದ ಓಲೆಕಟ್ಟು ಒಂದೇ ಇತ್ತು. ಅದನ್ನೂ ಹಂಚಿಕೊಂಡರು. ಮಧ್ಯಕ್ಕೆ ಮುರಿದಲ್ಲ, ನಿನಗೊಂದು ಗರಿ, ನನಗೊಂದು ಗರಿ ಎಂದು ಕೊನೆಯವರೆಗೆ ಒಂದೊಂದಾಗಿ ಎತ್ತಿಕೊಂಡರು.

“ಪುಸ್ತಕಾನ ಹಂಗೆ ಯಾರಾದ್ರೂ ಹಂಚ್ಕಂತಾರಾ ಮೇಷ್ಟ್ರೇ?”

“ಒಬ್ಬನಿಗೇ ಪೂರ್ತಿ ಕೊಟ್ಟಿದ್ರೆ ಉಳಿದ ಮೂವರು ಸುಮ್ನಿರ್ತಿದ್ರಾ? ಹಿಂಗಾದ್ರೆ ಯಾರಿಗೂ ಮೋಸ ಇಲ್ಲ ನೋಡ್ರಿ. ನಾವು ಹಿರಿಯನ ಮನೆಯೋರು. ಮೊದ್ಲನೇ ಗರಿ ನಮ್ದೇ.”

ಯಾರಿಗೂ ಮೋಸ ಇಲ್ಲ, ಓದುವವರಿಗೊಬ್ಬರಿಗೆ ಬಿಟ್ಟು. ನಾಲ್ಕು ಮನೆಯವರು ತಲೆಮಾರುಗಳಿಂದ ಪುಸ್ತಕದ ಕಾಲು ಕಾಲು ಭಾಗವನ್ನು ಪೂಜೆ ಮಾಡುತ್ತ ಕುಳಿತಿದ್ದರು. ಆ ಹಳೆಯ ಲಿಪಿ ಅವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಕ್ಕು ನಕ್ಕು ಸುಸ್ತಾದೆ. ಆದರೆ ಆ ನಗೆಯಲ್ಲಿಯೇ ಒಂದು ಧೈರ್ಯವೂ ಇತ್ತು. ಹಾಗೆ ಲೆಕ್ಕವಾಗಿ ಹಂಚಿಕೊಂಡದ್ದನ್ನು ಹಾಗೆಯೇ ಲೆಕ್ಕವಾಗಿ ಕೂಡಿಸಬಹುದು.

ಎರಡನೆಯವನ ಪಾಲು ಹೊಸದುರ್ಗದ ಕಡೆ ಸುಲಭವಾಗಿ ಸಿಕ್ಕಿತು. ಹಾಲುರಾಮೇಶ್ವರದಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟಿದ್ದ ಆ ಮನೆಯವರು, “ತಗಂಡೋಗ್ರಿ, ನಮ್ಮನ್ಯಾಗೆ ಇಲಿ ತಿಂತಾ ಅವೆ,” ಎಂದು ಕೈಗೇ ಕೊಟ್ಟರು. ಎಡತುದಿ ಇಲಿಯ ಪಾಲಾಗಿತ್ತು.

ಮೂರನೆಯವನಿಗೆ ಮಕ್ಕಳಿರಲಿಲ್ಲವಂತೆ. ಅವನು ತನ್ನ ಪಾಲನ್ನು ದುರ್ಗದ ಪೇಟೆಯಲ್ಲಿದ್ದ ಶಿಷ್ಯನಿಗೆ ಒಪ್ಪಿಸಿದ್ದ. ಆ ಶಿಷ್ಯನ ವಂಶದವರು ಇಂದಿಗೂ ಬೇರು, ಕಾಯಿ, ಚಕ್ಕೆ ಮಾರುವ ಗ್ರಂಧಿಗೆ ಅಂಗಡಿ ನಡೆಸುತ್ತಾರೆ. ನಮ್ಮ ಕಚೇರಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿಯೇ ನಾನು ವರ್ಷಗಟ್ಟಲೆ ಜ್ಯೇಷ್ಠಮಧು ತಂದಿದ್ದೇನೆ. ಅಂಗಡಿಯ ಸಾಹೇಬರು ಗಲ್ಲಾದ ಹಿಂದಿನ ಗೂಡಿನಿಂದ ಕಟ್ಟನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟರು.

“ಇದು ನಮ್ದಲ್ಲ ಮೇಡಂ, ಅಮಾನತ್ತು, ನಂಬಿ ಇಟ್ಟೋಗಿದ್ದು. ಕೇಳ್ಕಂಡು ಬಂದೋರಿಗೆ ಕೊಡ್ರಿ ಅಂತ ತಾತನೋರು ಹೇಳಿದ್ರು. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ ಅಷ್ಟೇ.”

ನಾಲ್ಕನೆಯ ಪಾಲು ಹೊಳಲ್ಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಕುರಿ ಸಾಕುವ ಮನೆ. ಯಜಮಾನಿಕೆ ಅಜ್ಜಿಯದು. ಅಡುಗೆಮನೆಯ ಒಲೆಯ ನೇರಕ್ಕೆ, ಜಂತೆಗೆ ಕರಿಕಂಬಳಿಯ ಗಂಟೊಂದು ತೂಗುತ್ತಿತ್ತು. ಅದೇ ಎಂದು ಅಜ್ಜಿ ಗಲ್ಲದಿಂದಲೇ ತೋರಿಸಿದರು. ಕುಡಿಯಲು ಮಜ್ಜಿಗೆ ಕೊಟ್ಟರು. ಎಲ್ಲ ಸುಸೂತ್ರವಾಗಿತ್ತು, ನಾನು ಬಾಯಿ ಬಿಡುವವರೆಗೆ.

“ಅಜ್ಜಿ, ಹಿರಿಯೂರಿನವರದು ಮೊದಲ ಪಾಲು, ನಿಮ್ಮದು ಕೊನೇದು. ನಿಮ್ಮದು ಸಿಕ್ಕರೆ ಪುಸ್ತಕ ಪೂರ್ತಿಯಾಗುತ್ತೆ,” ಎಂದೆ.

ಅಜ್ಜಿಯ ಮುಖ ಕೆಂಪಾಯಿತು. “ಯಾರವ್ವ ಹಂಗಂದೋರು? ಆ ಹಿರಿಯೂರೋರಾ? ಅವ್ರ ಬಾಯಿಗೆ ನಮ್ದು ಯಾವತ್ತಿದ್ರೂ ಬಾಲ. ನಮ್ದು ಕಿರಿಯನ ಮನೆ. ನಮ್ದೇ ಮೊದ್ಲು. ಮೊದ್ಲನೇ ಗರಿ ನಮ್ಮ ಗಂಟಿನಾಗೈತೆ.”

“ಹೌದಾ? ಬಿಚ್ಚಿ ನೋಡೋಣ್ವಾ ಹಂಗಾದ್ರೆ?”

“ನೋಡಾಕೆ ಏನೈತೆ? ನಾ ಹೇಳಿದ್ದು ಸಾಕಾಗ್ಲಿಲ್ಲಾ? ಹೋಗ್ಬರ್ರಿ.”

ಹೊಸ್ತಿಲಿನ ಹೊರಗೆ ನಿಂತು ಚಪ್ಪಲಿ ಮೆಟ್ಟಿಕೊಳ್ಳುವಾಗ, ಎಂಥ ಹಟಮಾರಿ ಮುದುಕಿ ಎಂದುಕೊಂಡೆ. ಎರಡು ಮನೆಯವರೂ ಮೊದಲ ಗರಿ ತಮ್ಮದೇ ಎಂದು ತಲೆಮಾರುಗಳಿಂದ ಮಾತು ಬಿಟ್ಟಿದ್ದರು. ಗಂಟು ಬಿಚ್ಚಿ ನೋಡಿದವರು ಒಬ್ಬರೂ ಇಲ್ಲ.

ಮೂರು ಪಾಲುಗಳೊಂದಿಗೆ ಕೆಲಸಕ್ಕೆ ಕುಳಿತೆ. ಮೂರರಲ್ಲೂ ಸಂಖ್ಯೆಯ ತುದಿ ಹೋಗಿತ್ತು. ಸಾಹೇಬರ ಗರಿಗಳ ಎಡತುದಿ ಗೂಡಿನಲ್ಲಿ ಉಜ್ಜಿ ಉಜ್ಜಿ ಪುಡಿಯಾಗಿತ್ತು. ದಾರ ಕೊಳೆತು ಒಂದೊಂದು ಪಾಲಿನೊಳಗೂ ಗರಿಗಳು ಹಿಂದುಮುಂದಾಗಿದ್ದವು. ಅಂಥಲ್ಲಿ ನನಗೆ ನೆರವಾದದ್ದು ಒಂದು ಹುಳು. ಪಾಲಾಗುವ ಮೊದಲೇ ಅದು ಇಡೀ ಕಟ್ಟನ್ನು ಓರೆಯಾಗಿ ಕೊರೆದುಕೊಂಡು ಹೋಗಿತ್ತು. ಹಾಗಾಗಿ ತೂತು ಗರಿಯಿಂದ ಗರಿಗೆ ಬಲಕ್ಕೆ ಸರಿಯುತ್ತಿತ್ತು. ಪ್ರತಿ ಗರಿಯಲ್ಲೂ ದಾರದ ಕಿಂಡಿಯಿಂದ ಈ ತೂತಿಗೆ ಎಷ್ಟು ದೂರ ಎಂದು ಅಳೆದು, ಒಂದೊಂದು ಪಾಲಿನ ಗರಿಗಳನ್ನೂ ಸಾಲಾಗಿ ಜೋಡಿಸಿದೆ. ಬರೆದವರು ಹಾಕಿದ ಪುಟಸಂಖ್ಯೆ ಹೋಗಿತ್ತು, ಹುಳು ಹಾಕಿದ್ದು ಉಳಿದಿತ್ತು.

ಆದರೆ ಅಕ್ಕಪಕ್ಕದ ಗರಿಗಳ ನಡುವೆ ತೂತು ಸರಿದದ್ದು ಕೂದಲೆಳೆಯಷ್ಟೂ ಇರಲಿಲ್ಲ. ನಾಲ್ವರಲ್ಲಿ ಯಾರ ಗರಿಯ ಮುಂದೆ ಯಾರ ಗರಿ ಎಂಬುದನ್ನು ಹುಳು ಹೇಳುವಂತಿರಲಿಲ್ಲ. ಅದಕ್ಕೇನು, ಮೇಷ್ಟ್ರು ಹೇಳಿದ್ದರಲ್ಲ. ಹಿರಿಯನ ಗರಿ, ಎರಡನೆಯವನದು, ಮೂರನೆಯವನದು, ಆಮೇಲೆ ಅಜ್ಜಿಯ ಗರಿಗೆ ಖಾಲಿ ಜಾಗ. ಮೇಷ್ಟ್ರ ಕಟ್ಟಿಗೆ ಹಲಗೆಯೂ ಇತ್ತಾದ್ದರಿಂದ ಅದೇ ಆರಂಭ ಎಂದು ನಂಬಿದೆ. ಓದಿದರೆ ಒಂದು ಗರಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಜ್ವರದ ಮಾತು ಅರ್ಧಕ್ಕೆ ನಿಂತು ತುಪ್ಪದ ಮಾತು ಶುರುವಾಗುತ್ತಿತ್ತು. ಅಲ್ಲಲ್ಲಿ ಗರಿಗಳು ಕಳೆದುಹೋಗಿರಬೇಕು ಎಂದುಕೊಂಡು ಪುಟಗಟ್ಟಲೆ ಚುಕ್ಕಿಗಳನ್ನು ಇಟ್ಟೆ.

ಆ ಚುಕ್ಕಿಗಳ ತೋರಣವನ್ನು ಅಧ್ಯಕ್ಷರ ಮುಂದಿಟ್ಟೆ. ಅವರು ಸಮಾಧಾನದಿಂದಲೇ ಓದಿದರು.

“ನೋಡಮ್ಮ, ಆದಿ ಇಲ್ಲ, ಅಂತ್ಯ ಇಲ್ಲ, ಹೆಸರಿಲ್ಲ. ಯಾವನೋ ಹಳೆಯ ಟೀಕೆಯಿಂದ ಅಲ್ಲಲ್ಲಿ ಎತ್ತಿ ಬರೆದುಕೊಂಡಿದ್ದಾನೆ. ನಕಲು ಅಂತ ಬರೆದು ಮುಗಿಸಿಬಿಡಿ. ಮುಂದಿನ ಸಭೆಯಲ್ಲಿ ಸಹಿ ಹಾಕ್ತೀನಿ.”

ಕಚೇರಿಯ ಮೆಟ್ಟಿಲಿಳಿಯುವಾಗ ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಆ ಗಂಟೊಂದನ್ನು ಬಿಚ್ಚಿದ್ದರೆ! ನಮ್ದು ಕಿರಿಯನ ಮನೆ, ನಮ್ದೇ ಮೊದ್ಲು ಅಂತೆ. ಅವರ ಆ ಮಾತನ್ನು ಅಣಕಿಸುತ್ತ ಅರ್ಧ ಮೆಟ್ಟಿಲು ಇಳಿದವಳು ಅಲ್ಲಿಯೇ ನಿಂತುಬಿಟ್ಟೆ. ಅಜ್ಜಿ ‘ಕಿರಿಯನ ಮನೆಯಾದ್ರೂ ನಮ್ದೇ ಮೊದ್ಲು’ ಎಂದಿರಲಿಲ್ಲ. ಕಿರಿಯನ ಮನೆಯಾದ್ದರಿಂದಲೇ ಮೊದಲು ಎಂದಿದ್ದರು.

ಭರಮಸಾಗರದಲ್ಲಿ ನಮ್ಮ ತಂದೆಯ ಮನೆ ಪಾಲಾದಾಗ ನಾನು ಚಿಕ್ಕವಳು. ದೊಡ್ಡಪ್ಪ ಅಂಗಳದಲ್ಲಿ ಪಾತ್ರೆ, ನೊಗ, ನೇಗಿಲು ಎಲ್ಲವನ್ನೂ ಗುಡ್ಡೆಗಳಾಗಿ ಹಂಚಿಟ್ಟು ಪಕ್ಕಕ್ಕೆ ಸರಿದು ನಿಂತರು. ಎಲ್ಲರಿಗಿಂತ ಕಿರಿಯನಾದ ನಮ್ಮಪ್ಪ ಮೊದಲು ಹೋಗಿ ತನ್ನ ಗುಡ್ಡೆ ಆರಿಸಿಕೊಂಡರು. ಗುಡ್ಡೆ ಮಾಡಿದ ದೊಡ್ಡಪ್ಪನಿಗೆ ಕೊನೆಗೆ ಉಳಿದದ್ದು. ನಮ್ಮ ಕಡೆ ಪಾಲು ನಡೆಯುವುದೇ ಹೀಗೆ. ಇದನ್ನು ಕಣ್ಣಾರೆ ಕಂಡವಳು ನಾನು. ಗರಿಗಳ ಮುಂದೆ ಕುಳಿತಾಗ ಮಾತ್ರ ಅದೆಲ್ಲ ಮರೆತು, ಸರ್ಕಾರಿ ಪಟ್ಟಿಯ ಹಾಗೆ ಹಿರಿಯನಿಂದ ಕಿರಿಯನಿಗೆ ಬರೆದುಕೊಂಡು ಹೋಗಿದ್ದೆ.

ಅದೇ ಮೆಟ್ಟಿಲನ್ನು ಹತ್ತಿ ಮೇಲೆ ಓಡಿದೆ. ಸಾಲನ್ನು ತಿರುಗಿಸಿ ಹಾಕಿದೆ. ಮೊದಲು ಅಜ್ಜಿಯ ಖಾಲಿ ಜಾಗ, ಆಮೇಲೆ ಸಾಹೇಬರ ಗರಿ, ಅದರ ನಂತರ ಹೊಸದುರ್ಗದ್ದು, ಕೊನೆಗೆ ಹಿರಿಯೂರಿನದು. ಸಾಹೇಬರ ಗರಿಯ ಕೊನೆಯಲ್ಲಿ ‘ಹಸುಳೆಗಳ’ ಎಂದಿತ್ತು. ಹೊಸದುರ್ಗದ ಗರಿ ‘ಜ್ವರಕ್ಕೆ’ ಎಂದು ಶುರುವಾಯಿತು. ಅದರ ಕೊನೆಯ ಮಾತು ಹಿರಿಯೂರಿನ ಗರಿಗೆ ಹೋಗಿ ಕೂಡಿತು. ಆಮೇಲೆ ಒಂದು ಗರಿಯಷ್ಟು ಖಾಲಿ. ಮತ್ತೆ ಮೂರು ಗರಿ ಕೂಡಿಕೊಂಡವು, ಮತ್ತೆ ಖಾಲಿ. ಒಂದೂ ತಪ್ಪಲಿಲ್ಲ! ನಾನಿಟ್ಟ ಚುಕ್ಕಿಗಳೆಲ್ಲ ಅಳಿಸಿಹೋದವು. ನಮ್ಮವನು ಎತ್ತಿ ಬರೆದುಕೊಂಡವನಲ್ಲ, ಎಡೆಬಿಡದೆ ವಾದ ಮಾಡಿಕೊಂಡು ಹೋಗುವ ಆಸಾಮಿ. ಸಾಹೇಬರ ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ, “ಕೂಡಿತು ಸಾಹೇಬ್ರೇ!” ಎಂದು ಕೂಗಿದೆ. ಅವರು ತಕ್ಕಡಿ ಕೆಳಗಿಟ್ಟು ಎಲ್ಲರಿಗೂ ಕಲ್ಲುಸಕ್ಕರೆ ಹಂಚಿದರು.

ಆದರೆ ‘ನಾನಾದರೋ’ ಇದ್ದದ್ದು ಹಿರಿಯೂರಿನ ಗರಿಯ ಕೊನೆಯಲ್ಲಿ. ಅದರ ಮುಂದಿನ ಗರಿ ಅಜ್ಜಿಯದು.

ಮಾರನೆಯ ದಿನವೇ ಹೊಳಲ್ಕೆರೆಯ ಬಸ್ಸು ಹತ್ತಿದೆ. ಅಜ್ಜಿ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ನಿಂತಲ್ಲಿಂದಲೇ ಹೇಳಿದೆ: “ಅಜ್ಜಿ, ನೀವಂದದ್ದೇ ಸರಿ. ಮೊದಲ ಗರಿ ನಿಮ್ಮದೇ.”

ಅವರು ಸೊಪ್ಪಿನ ಕಟ್ಟನ್ನು ಬಿಗಿದು ಮುಗಿಸಿ ಆಮೇಲೆ ತಿರುಗಿದರು. “ಈಗ ಗೊತ್ತಾತಾ? ಬರ್ರಿ, ಕುಂತ್ಕಳ್ರಿ.”

ಆದರೂ ಗರಿ ಕೊಡಲು ಒಪ್ಪಲಿಲ್ಲ. ಗಂಟು ಹೊಸ್ತಿಲು ದಾಟುವಂತಿಲ್ಲ, ಗರಿಯನ್ನು ಕರಿಕಂಬಳಿಯ ಮೇಲಲ್ಲದೆ ಬೇರೆಲ್ಲೂ ಇಡುವಂತಿಲ್ಲ. ಅದು ಅವರ ಮನೆಯ ನಡಾವಳಿ. ನಮ್ಮ ಯೋಜನೆಯ ನಿಯಮವೋ, ಗರಿ ಕಚೇರಿಗೇ ಬರಬೇಕು, ಒಮ್ಮೆ ಬಂದದ್ದು ಕೆಲಸ ಮುಗಿಯುವ ತನಕ ಹೊರಗೆ ಹೋಗಬಾರದು. ಹಿಂದಿರುಗುವ ಬಸ್ಸಿನಲ್ಲಿ ಎರಡನ್ನೂ ತೂಗಿ ನೋಡುತ್ತ ಕುಳಿತೆ. ನಿಯಮ ಮಾಡಿದವರು ನಾವು, ಮುರಿಯಬೇಕಾದವರೂ ನಾವೇ. ಅಜ್ಜಿಯ ಗರಿ ನಮ್ಮ ಹತ್ತಿರ ಬರದಿದ್ದರೆ ನಮ್ಮ ಗರಿಗಳು ಅಜ್ಜಿಯ ಹತ್ತಿರ ಹೋಗಲಿ ಎಂದು ತೀರ್ಮಾನ ಮಾಡಿದೆ. ಬರೀ ಗರಿಗಳಲ್ಲ, ನಾಲ್ಕು ಮನೆಯವರೂ.

ಸಾಹೇಬರೂ ಹೊಸದುರ್ಗದವರೂ ಒಂದೇ ಮಾತಿಗೆ ಒಪ್ಪಿದರು. ಕಷ್ಟವಾದದ್ದು ಮೇಷ್ಟ್ರು. “ನಮ್ಮಜ್ಜ ಮೆಟ್ಟದ ಹೊಸ್ತಿಲು ನಾನು ಮೆಟ್ಟಾದಾ? ಅದೂ ಹಿರಿಯನ ಮನೆಯೋರು ಕೊನೆಗೆ ಕುಂದ್ರಾದಾ?” ಎಂದು ಮುಖ ತಿರುಗಿಸಿದರು. ನಾನು ವಾದ ಮಾಡಲಿಲ್ಲ. ಹೊಸದುರ್ಗದ ಗರಿಯನ್ನೂ ಅವರ ಗರಿಯನ್ನೂ ಹೊಸ ಲಿಪಿಯಲ್ಲಿ ಬರೆದುಕೊಟ್ಟು ಗಟ್ಟಿಯಾಗಿ ಓದಿ ಎಂದೆ. ಮೇಷ್ಟ್ರಲ್ಲವೇ, ತರಗತಿಯಲ್ಲಿ ಓದುವ ಹಾಗೆ ಓದಿದರು. ಒಂದು ಗರಿಯ ವಾಕ್ಯ ಇನ್ನೊಂದರಲ್ಲಿ ಸಲೀಸಾಗಿ ಮುಗಿದಾಗ ನಿಲ್ಲಿಸಿ, ಮತ್ತೆ ಮೊದಲಿಂದ ಓದಿದರು.

“ಕೊನೆಯವರಲ್ಲ ಮೇಷ್ಟ್ರೇ, ಪಾಲು ಮಾಡಿದವರು ನೀವು,” ಎಂದೆ. “ನಿಮ್ಮ ಹಲಗೆ ಮೇಲಿನದಲ್ಲ, ಕೆಳಗಿನದು. ತಮ್ಮಂದಿರು ಎತ್ತಿಕೊಳ್ಳುವ ತನಕ ನಿಮ್ಮ ಹಿರಿಯ ಕಾದು ನಿಂತಿದ್ದ.”

ಅವರು ಕನ್ನಡಕ ಒರೆಸಿಕೊಂಡರು. “ಯಾವತ್ತು ಹೋಗಾಣ?” ಎಂದರು.

ಉಳಿದವರು ಅಧ್ಯಕ್ಷರು. ಅವರ ಅನುಮತಿ ಇಲ್ಲದೆ ಕಚೇರಿಯ ಗರಿ ಒಂದೂ ಹೊರಡುವಂತಿರಲಿಲ್ಲ. ಹೊಸ ಜೋಡಣೆ ನೋಡಿ, “ಪೂರ್ತಿ ಗ್ರಂಥ, ಒಪ್ಪಿದೆ,” ಎಂದರು. “ಆದರೆ ಪೂರ್ತಿ ಇದ್ದ ಮಾತ್ರಕ್ಕೆ ಸ್ವತಂತ್ರ ಅಲ್ಲ. ಎಲ್ಲ ಕಡೆ ಹಿಂದಿನವರ ಮಾತನ್ನೇ ಸಮರ್ಥಿಸಿ ವಾದ ಮಾಡ್ತಿದ್ದಾನೆ. ಎಲ್ಲಾದರೂ ಒಂದು ಕಡೆ ಸ್ವಂತಕ್ಕೆ ಕಂಡದ್ದು ಹೇಳಿದ್ದಾನಾ?”

“‘ನಾನಾದರೋ’ ಎಂದಿದ್ದಾನಲ್ಲ ಸರ್.”

“ಮಂದಮತಿ ಅಂತಲೇ ಇರುತ್ತೆ. ನಾನೂ ಬರ್ತೀನಿ, ನಡೀರಿ. ಮಂದಮತಿ ಅಂತಿದ್ದರೆ ನಕಲು ಅಂತ ಅಲ್ಲೇ ಸಹಿ ಹಾಕ್ತೀನಿ. ನೀವು ತಕರಾರು ಮಾಡಬಾರದು.”

“ಆಗಲಿ ಸರ್,” ಎಂದೆ.

ಗೊತ್ತಾದ ದಿನ ಬೆಳಿಗ್ಗೆ ಗರಿಗಳನ್ನು ಒತ್ತುಕಾಗದದ ನಡುವೆ ಇಟ್ಟು, ಹಲಗೆ ಬಿಗಿದು, ಜೀಪಿನಲ್ಲಿ ಹೊರಟೆವು. ಸಾಹೇಬರು ತಮ್ಮ ಪಾಲನ್ನು ಪೆಟ್ಟಿಗೆಯಲ್ಲಿಡಲು ಬಿಡದೆ ಮಡಿಲಲ್ಲೇ ಇಟ್ಟುಕೊಂಡಿದ್ದರು. ಅಜ್ಜಿಯ ಮನೆಯ ಪಡಸಾಲೆ ಸಾರಿಸಿತ್ತು. ಮೇಷ್ಟ್ರು ಹೊಸ್ತಿಲ ಬಳಿ ಒಂದು ಕ್ಷಣ ತಡೆದರು. ಅಜ್ಜಿ ಒಳಗಿನಿಂದಲೇ, “ಕಾಲಿಗೆ ನೀರು ತಗಳ್ರಿ. ಎಷ್ಟೊತ್ತು ನಿಂತ್ಕಂತೀರಿ?” ಎಂದರು. ಅಷ್ಟಕ್ಕೆ ತಲೆಮಾರುಗಳ ಜಗಳ ಬಾಗಿಲಲ್ಲೇ ಉಳಿಯಿತು.

“ಲೇ, ಆ ಕಂಬ್ಳಿ ಹಾಸೋ,” ಎಂದು ಅಜ್ಜಿ ಮಗನಿಗೆ ಹೇಳಿದರು. ಒರಟು ಉಣ್ಣೆಗೆ ಸಿಕ್ಕಿದರೆ ಗರಿಯ ಅಂಚು ಸಿಗಿದು ಏಳುತ್ತದೆ. ಕಂಬಳಿಯ ಮೇಲೆ ಕಾಗದ ಹಾಸಲೇ ಎಂದು ಅಂಜುತ್ತಲೇ ಕೇಳಿದೆ. “ಹಾಸ್ಕಳವ್ವ. ಕೆಳಗೆ ಕಂಬ್ಳಿ ಇದ್ರೆ ಸಾಕು,” ಎಂದರು.

ಗಂಟು ಬಿಚ್ಚಿದಾಗ ಹೊಗೆಯ ವಾಸನೆ ಇಡೀ ಪಡಸಾಲೆಗೆ ಹರಡಿತು. ಮೇಲಿನ ಹಲಗೆ. ಅದರ ಕೆಳಗೆ ಕಾಫಿಬಣ್ಣಕ್ಕೆ ತಿರುಗಿದ ಗರಿಗಳು. ಒಲೆಯ ಹೊಗೆಗೆ ಇಲಿಯೂ ಬಂದಿರಲಿಲ್ಲ, ಹೊಸ ಹುಳುವೂ ಬಿದ್ದಿರಲಿಲ್ಲ. ಹಳೆಯ ಹುಳುವಿನ ತೂತು ಮಾತ್ರ ತನ್ನ ಜಾಗದಲ್ಲಿಯೇ ಇತ್ತು. ಮೊದಲ ಗರಿಯ ಎಡತುದಿಯನ್ನು ಕುಂಚದಿಂದ ಸವರಿದೆ. ಕನ್ನಡದ ಒಂದು. ಅದರ ಕೆಳಗಿನದರಲ್ಲಿ ಐದು. ಅದರ ಕೆಳಗೆ ಒಂಬತ್ತು. ಮೇಷ್ಟ್ರು ಬಗ್ಗಿ ನೋಡಿ, ಯಾರೂ ಕೇಳದಿದ್ದರೂ, “ಒಂದು ಇವರದ್ದೇ,” ಎಂದು ಗಟ್ಟಿಯಾಗಿ ಹೇಳಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಕುಳಿತರು.

ಓದು ಶುರುವಾಯಿತು. ಅಜ್ಜಿ ಗರಿ ಕೊಟ್ಟರು, ಆಮೇಲೆ ಸಾಹೇಬರು, ಆಮೇಲೆ ಹೊಸದುರ್ಗದವರು, ಆಮೇಲೆ ಮೇಷ್ಟ್ರು, ಮತ್ತೆ ಅಜ್ಜಿ. ನಾನು ಓದುತ್ತ ಹೋದೆ. ಮೊದಲ ಗರಿಯಲ್ಲಿ ದೇವರ ವಂದನೆ, ಗುರುವಂದನೆ, ನಮ್ಮ ಸೀಮೆಯವರಿಗೆ ತಿಳಿಯಲೆಂದು ಕನ್ನಡದಲ್ಲಿ ಹೇಳುತ್ತೇನೆ ಎಂಬ ಮಾತು, ಅಷ್ಟೇ. ಹೆಸರಿರಲಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಿ ಹುಬ್ಬೇರಿಸಿದರು. ಹಾಗೆಯೇ ಗರಿ ಸುತ್ತು ಬರುತ್ತ ಬರುತ್ತ ನೀರಿನ ಮಾತು ಮುಗಿದು ಹಾಲಿನ ಮಾತು ಬಂತು. ಹಸುವಿನದು, ಎಮ್ಮೆಯದು, ಮೇಕೆಯದು. ಮೇಷ್ಟ್ರು ತಮ್ಮ ಗರಿ ಕೊಟ್ಟರು. ಕುರಿಯ ಹಾಲು ಕೀಳು, ಬಿಕ್ಕಳಿಕೆ ತರುತ್ತದೆ ಎಂದು ನಾನು ಓದುತ್ತಿದ್ದಂತೆ ಅಜ್ಜಿಯ ಮುಖ ಗಂಟಾಯಿತು.

“ಯಾವೋನವ್ವ ಹಂಗೆ ಬರ್ದೋನು?”

“ತಡೀರಿ ಅಜ್ಜಿ, ಮುಂದೆ ಐತೆ. ನಾನಾದರೋ ಅಂತ ಐತೆ. ನಿಮ್ಮ ಗರಿ ಕೊಡಿ.”

ಕೊಟ್ಟರು. ಮೊದಲ ಸಾಲಿಗೆ ಹತ್ತಿದ್ದ ಹೊಗೆಮಸಿಯನ್ನು ಹತ್ತಿಯಿಂದ ಒತ್ತಿ ತೆಗೆದೆ. ಬೆಳಕಿಗೆ ಓರೆಯಾಗಿ ಹಿಡಿದೆ. ಅಧ್ಯಕ್ಷರು ಬಾಯಲ್ಲಿ ಮಂದಮತಿ ಎಂಬ ಪದವನ್ನು ಸಿದ್ಧವಾಗಿಟ್ಟುಕೊಂಡಿದ್ದರು ಎಂಬುದು ನನಗೆ ಕಾಣುತ್ತಿತ್ತು. ನಾನು ಓದಿದೆ:

“...ಕುರಿವಿಂಡಿನೊಡನೆ ಬಾಳುವವರ ನಡುವೆ ಬೆಳೆದವನು, ಆ ಹಾಲನ್ನೇ ಉಂಡವನು. ಬಿಕ್ಕಳಿಕೆಯ ಕಂಡವನಲ್ಲ, ಉಬ್ಬಸವ ಕಂಡವನಲ್ಲ. ಹಿರಿಯರ ಮಾತು ಜೌಗುನೆಲದ ಕುರಿಗೆ ಸಲುವುದು, ಈ ಒಣನೆಲದ ಕುರಿಗೆ ಸಲ್ಲದು. ಕಾಣದುದ ಕಂಡೆನೆಂದು ಬರೆಯೆನು.”

ಅಧ್ಯಕ್ಷರು ಕೈ ಚಾಚಿದರು. ಗರಿಯನ್ನು ತಾವೇ ಹಿಡಿದು, ಭೂತಗನ್ನಡಿಯಲ್ಲಿ ಅಕ್ಷರ ಅಕ್ಷರವಾಗಿ ಓದಿಕೊಂಡರು. ಮತ್ತೆ ಓದಿದರು. ನನಗಂತೂ ಎದ್ದು ಕುಣಿಯಬೇಕೆನ್ನಿಸಿತು. ಮೂಲವನ್ನು ಬರೆದವರಿಗೂ ಅದನ್ನು ತಿದ್ದಿದವರಿಗೂ ಬಿಡಿಸಿದವರಿಗೂ ತಲೆಬಾಗಿ, ಆದರೂ ನಾನು ಕಂಡದ್ದು ಇದು ಎಂದು ಹೇಳಿದ ಒಬ್ಬ ಗಟ್ಟಿ ಮನುಷ್ಯ ನಮ್ಮ ಈ ಒಣಸೀಮೆಯಲ್ಲಿ ಇದ್ದ.

“ಇದು ನಕಲಲ್ಲ,” ಎಂದರು ಅಧ್ಯಕ್ಷರು. ಧ್ವನಿ ಸಣ್ಣದಾಗಿತ್ತು. “ಸೋತೆ ಅಂತ ಹೇಳೋಕೆ ಇಷ್ಟು ಸಂತೋಷ ಆದದ್ದು ಇದೇ ಮೊದಲು. ಇದನ್ನ ಅಚ್ಚು ಮಾಡೋಣ.”

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಸಾಹೇಬರು ಕಣ್ಣೊರೆಸಿಕೊಂಡರು. ಅಜ್ಜಿಗೆ ಮಾತ್ರ ಇದೆಲ್ಲ ಆಶ್ಚರ್ಯ.

“ಅಷ್ಟು ಹೇಳಾಕೆ ಇಷ್ಟೊಂದು ಗರಿ ಬೇಕಾತಾ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ.”

ಪಡಸಾಲೆಯೆಲ್ಲ ನಕ್ಕಿತು, ಅಧ್ಯಕ್ಷರೂ ನಕ್ಕರು. ಆಮೇಲೆ ಅವರು ಜೇಬಿನಿಂದ ಪೆನ್ನು ತೆಗೆದು, ಸೂಚಿಯ ಹಾಳೆಯಲ್ಲಿ ತಾವೇ ಹಿಂದೆ ಬರೆಸಿದ್ದ ‘ನಕಲು’ ಎಂಬುದನ್ನು ಹೊಡೆದುಹಾಕಿ ‘ಸ್ವತಂತ್ರ ಟೀಕೆ’ ಎಂದು ಬರೆದರು. ಅದರ ಪಕ್ಕದ ಜಾಗ ಬರೆದವನ ಹೆಸರಿಗೆ. ಪೆನ್ನು ಅಲ್ಲಿ ನಿಂತಿತು.

“ಹೆಸರೇ ಇಲ್ಲವಲ್ಲಮ್ಮ. ಏನಂತ ಬರೆಯೋಣ?” ಎಂದು ನನ್ನನ್ನು ಕೇಳಿದರು.

“ಹೆಸ್ರು ಇಲ್ದಿದ್ರೆ ಏನಾತು?” ಎಂದರು ಅಜ್ಜಿ. “ನಮ್ ಕುರಿ ಹಾಲು ಕುಡ್ದೋನು ಅಂತ ಬರ್ಕಳ್ರಿ.”

ಈ ಸಲ ಅಧ್ಯಕ್ಷರು ನಗಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಸಾಹೇಬರು ತಮ್ಮ ಸರದಿಯ ಗರಿಯನ್ನು ಕಂಬಳಿಯ ಮೇಲೆ ನನ್ನ ಕಡೆ ಸರಿಸಿದರು.